ಸಸಿಯ ಬೇರಿಗೆ ಹಾರ್ಮೋನ್ ಎಲ್ಲಿ ಬೇಕು, ಎಲ್ಲಿ ಬೇಡ: ಬೀಜದ ಟ್ರೇಯಿಂದ ಕಡ್ಡಿ ನಾಟಿಯವರೆಗೆ

ನಾಲೆಗೆ ನೀರು ಬಿಡುತ್ತಾರೆ ಅನ್ನುವ ಸುದ್ದಿ ಬಂದರೆ ಸಾಕು, ನಮ್ಮ ಮಂಡ್ಯ ಕಡೆ ಸಸಿ ಕೆಲಸ ಶುರುವಾಗುತ್ತದೆ. ಗದ್ದೆಯವರು ಒಟ್ಲು (ಭತ್ತದ ಸಸಿಮಡಿ) ಹಾಕುತ್ತಾರೆ, ತರಕಾರಿಯವರು ಟ್ರೇ ತೊಳೆದು ಒಣಗಿಸುತ್ತಾರೆ, ಕಬ್ಬಿನವರು ಬಿತ್ತನೆ ಜಲ್ಲೆ ಹುಡುಕುತ್ತಾರೆ. ಆ ದಿನಗಳಲ್ಲಿ ನನಗೆ ಒಂದೇ ಪ್ರಶ್ನೆ ಹತ್ತಾರು ಸಲ ಬರುತ್ತದೆ. ಬೇರು ಚೆನ್ನಾಗಿ ಬರೋಕೆ ಯಾವ ಔಷಧಿ ಹಾಕಲಿ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೀಜದಿಂದ ಹುಟ್ಟಿದ ಸಸಿಗೆ ಬೇರಿನ ಹಾರ್ಮೋನನ್ನು ಹೊರಗಿನಿಂದ ಹಾಕಬೇಕಿಲ್ಲ. ತನಗೆ ಬೇಕಾದಷ್ಟನ್ನು ಅದೇ ತಯಾರಿಸಿಕೊಳ್ಳುತ್ತದೆ. ಹಾರ್ಮೋನ್ ನಿಜವಾಗಿ ಉಪಯೋಗಕ್ಕೆ ಬರುವುದು ಕಡ್ಡಿ ನೆಟ್ಟು ಗಿಡ ಮಾಡುವಾಗ, ಅದೂ ಕೆಲವು ಜಾತಿಗೆ ಮಾತ್ರ.

ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಒಂದು ವರ್ಷ 40 ಟ್ರೇ ಟೊಮೆಟೊ ಸಸಿ ಕಳೆದುಕೊಂಡೆ. ದಾಸವಾಳದ ಕಡ್ಡಿಗೆ ಎನ್‌ಎಎ ಅನ್ನುವ, ಬೇರು ಬರಿಸುವ ಕೃತಕ ಹಾರ್ಮೋನಿನ ದ್ರಾವಣ ಬಳಸಿ ಒಳ್ಳೆ ಬೇರು ಬಂದಿತ್ತು. ಉಳಿದದ್ದನ್ನು ಸಸಿಗೂ ಹಾಕಿದರೆ ಬೇರು ಇನ್ನೂ ದಟ್ಟವಾಗುತ್ತದೆ ಅಂದುಕೊಂಡು, ನೀರಿಗೆ ಬೆರೆಸಿ ಅಷ್ಟೂ ಟ್ರೇಗೆ ಸುರಿದೆ. ಮೂರನೇ ದಿನಕ್ಕೆ ಎಲೆಗಳು ಕೆಳಕ್ಕೆ ಮುದುರಿದವು, ಕಾಂಡ ಹಗ್ಗದ ಹಾಗೆ ತಿರುಚಿಕೊಂಡಿತು. ವಾರ ಕಳೆದು ಒಂದು ಸಸಿ ಎತ್ತಿ ನೋಡಿದರೆ ಬೇರು ಗಿಡ್ಡಗೆ, ದಪ್ಪಗೆ, ಮೊಂಡಾಗಿತ್ತು. ಒಂದು ಟ್ರೇಗೆ 98 ಗುಳಿ. ಹೆಚ್ಚುಕಡಿಮೆ 3,900 ಸಸಿ ತಿಪ್ಪೆಗೆ ಹೋಯಿತು. ನಿಮ್ಮ ಸಸಿ ಹಾಗೆ ಹೋಗಬಾರದು ಅಂತಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಂದು ಲೋಟ, ಒಂದು ಹಿಡಿ ಹೆಸರುಕಾಳು

ಔಷಧಿ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಇದನ್ನು ಮಾಡಿ ನೋಡಿ. ಗಾಜಿನ ಲೋಟದ ಒಳಗೋಡೆಗೆ ಟಿಶ್ಯೂ ಕಾಗದವನ್ನು ಎರಡು ಮೂರು ಸುತ್ತು ಹೊಂದಿಸಿ. ರಾತ್ರಿ ನೆನೆಸಿದ ಐದಾರು ಹೆಸರುಕಾಳನ್ನು ಗಾಜಿಗೂ ಕಾಗದಕ್ಕೂ ನಡುವೆ ಸಿಕ್ಕಿಸಿ, ಕಾಗದ ಒದ್ದೆಯಾಗಿರುವಷ್ಟು ನೀರು ಹಾಕಿ, ಕತ್ತಲಲ್ಲಿಡಿ. ಮೂರನೇ ದಿನಕ್ಕೆ ಬೇರು ಎರಡು ಸೆಂಟಿಮೀಟರ್‌ನಷ್ಟು ಇಳಿದಿರುತ್ತದೆ. ಈಗ ನೀರು ಬಸಿದು ಲೋಟವನ್ನು ಅಡ್ಡ ಮಲಗಿಸಿ. ಮಾರನೆಯ ಬೆಳಿಗ್ಗೆ ನೋಡಿದರೆ ಬೇರಿನ ತುದಿಗಳೆಲ್ಲ ಮತ್ತೆ ನೆಲದ ಕಡೆಗೆ ಬಾಗಿರುತ್ತವೆ.

ಬಾಗಿಸಿದ್ದು ಆಕ್ಸಿನ್ ಅನ್ನುವ ಹಾರ್ಮೋನ್. ಬೇರಿನ ತುದಿಯಲ್ಲಿ ಒಂದು ಪುಟ್ಟ ಟೋಪಿ ಇರುತ್ತದೆ. ಆ ಟೋಪಿಯ ಜೀವಕೋಶಗಳಲ್ಲಿ ಪಿಷ್ಟದ ಕಣಗಳಿರುತ್ತವೆ. ಲೋಟ ಮಲಗಿಸಿದಾಗ ಅವು ತಮ್ಮ ಭಾರಕ್ಕೆ ಕೆಳಬದಿಗೆ ಜಾರುತ್ತವೆ, ಆಗ ಆಕ್ಸಿನ್ ಕೂಡ ಬೇರಿನ ಕೆಳಬದಿಯಲ್ಲಿ ಜಾಸ್ತಿ ಸೇರುತ್ತದೆ. ಗಮನಿಸಬೇಕಾದ್ದು ಇನ್ನು ಮುಂದೆ. ಕಾಂಡದಲ್ಲಿ ಆಕ್ಸಿನ್ ಜಾಸ್ತಿಯಾದ ಬದಿ ಬೇಗ ಬೆಳೆಯುತ್ತದೆ, ಬೇರಿನಲ್ಲಿ ಜಾಸ್ತಿಯಾದ ಬದಿಯ ಬೆಳವಣಿಗೆ ನಿಧಾನವಾಗುತ್ತದೆ. ಹಾಗಾಗಿ ಬೇರಿನ ಮೇಲ್ಬದಿ ಮುಂದೆ ಓಡುತ್ತದೆ, ಕೆಳಬದಿ ಹಿಂದುಳಿಯುತ್ತದೆ, ಬೇರು ಕೆಳಕ್ಕೆ ತಿರುಗುತ್ತದೆ.

ಅಂದರೆ ಬೇರು ಆಕ್ಸಿನ್ನಿಗೆ ತುಂಬಾ ಸೂಕ್ಷ್ಮ. ಕಾಂಡಕ್ಕೆ ಹಿತವಾದ ಪ್ರಮಾಣ ಬೇರಿನ ಉದ್ದಕ್ಕೆ ವಿಷ. ನನ್ನ 40 ಟ್ರೇಯಲ್ಲಿ ಆಗಿದ್ದು ಇದೇ.

ಆಕ್ಸಿನ್ ಮುಖ್ಯವಾಗಿ ತಯಾರಾಗುವುದು ಸುಳಿಯಲ್ಲಿ ಮತ್ತು ಎಳೆ ಎಲೆಗಳಲ್ಲಿ. ಅಲ್ಲಿಂದ ಗಂಟೆಗೆ ಸುಮಾರು 1 ಸೆಂಟಿಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಇದಕ್ಕೆ ದಿಕ್ಕು ಗೊತ್ತು, ತುದಿಯಿಂದ ಬುಡದ ಕಡೆಗೆ. ಕಾಂಡದ ತುಂಡನ್ನು ತಲೆಕೆಳಗು ಮಾಡಿ ಹಿಡಿದರೂ ಅದು ಮೂಲ ಬುಡದ ಕಡೆಗೇ ಹೋಗುತ್ತದೆ. ಹೀಗೆ ಬಂದ ಆಕ್ಸಿನ್ ತಾಯಿಬೇರಿನ ಒಳಪದರದ ಕೆಲವು ಕೋಶಗಳನ್ನು ಎಬ್ಬಿಸಿದಾಗ ಕವಲುಬೇರು ಹುಟ್ಟುತ್ತದೆ. ಲೋಟದ ಒಂದು ಮೊಳಕೆಯ ಬೇರಿನ ತುದಿಯನ್ನು ಬ್ಲೇಡಿನಿಂದ ಎರಡು ಮಿಲಿಮೀಟರ್ ಕತ್ತರಿಸಿ ನೋಡಿ. ಅದು ಬಾಗುವುದನ್ನು ನಿಲ್ಲಿಸುತ್ತದೆ, ಕೆಲವು ದಿನದಲ್ಲಿ ಪಕ್ಕದಿಂದ ಕವಲು ಒಡೆಯುತ್ತದೆ.

ಆಕ್ಸಿನ್ನನ್ನು ಕಂಡುಹಿಡಿದ ದಾರಿಯೂ ಇಷ್ಟೇ ಸರಳ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಯ ತುದಿ ಮುಚ್ಚಿ, ಆಗ ಅದು ಬೆಳಕಿನ ಕಡೆ ಬಾಗುವುದಿಲ್ಲ ಎಂದು ತೋರಿಸಿದರು. 1926ರಲ್ಲಿ ವಿಜ್ಞಾನಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಅಗರ್ ಅನ್ನುವ ಜೆಲ್ಲಿಯಂತಹ ತುಂಡಿನ ಮೇಲಿಟ್ಟರು. ತುದಿಯಿಂದ ಇಳಿದದ್ದನ್ನು ಆ ಅಗರ್ ಹಿಡಿದಿಟ್ಟುಕೊಂಡಿತು, ಅದನ್ನು ತುದಿ ಕತ್ತರಿಸಿದ ಬೇರೆ ಮೊಳಕೆಯ ಮೇಲಿಟ್ಟರೆ ಆ ಮೊಳಕೆ ಮತ್ತೆ ಬೆಳೆಯಿತು.

ಉಳಿದ ಹಾರ್ಮೋನ್‌ಗಳ ಬಗ್ಗೆ ಕೆಲಸಕ್ಕೆ ಬೇಕಾದಷ್ಟು. ಸೈಟೋಕೈನಿನ್ ಹೆಚ್ಚಾಗಿ ಬೇರಿನ ತುದಿಯಲ್ಲಿ ತಯಾರಾಗಿ ಮೇಲೆ ಹೋಗಿ ಚಿಗುರು ತರಿಸುತ್ತದೆ, ಆದರೆ ಕವಲುಬೇರನ್ನು ತಡೆಯುತ್ತದೆ. ಆಕ್ಸಿನ್ ಜಾಸ್ತಿ ಇದ್ದು ಇದು ಕಡಿಮೆ ಇದ್ದರೆ ಬೇರು, ಉಲ್ಟಾ ಆದರೆ ಚಿಗುರು ಅಂತ 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಅಂಗಾಂಶದಲ್ಲಿ ತೋರಿಸಿದರು. ಜಿಬ್ಬೆರೆಲಿನ್ ಕಾಂಡವನ್ನು ಉದ್ದ ಎಳೆಯುತ್ತದೆ, ಕಡ್ಡಿಗಳಲ್ಲಿ ಸಾಮಾನ್ಯವಾಗಿ ಬೇರಿಗೆ ಅಡ್ಡಿ. ಎಥಿಲೀನ್ ಅನಿಲ ರೂಪದ್ದು, ಗಿಡಕ್ಕೆ ಪೆಟ್ಟು ಬಿದ್ದಾಗ, ಬುಡದಲ್ಲಿ ನೀರು ನಿಂತಾಗ ಏರುತ್ತದೆ. ಅಬ್ಸಿಸಿಕ್ ಆಮ್ಲ ನೀರಿನ ಬರಕ್ಕೆ ಗಿಡ ಕೊಡುವ ಎಚ್ಚರಿಕೆ, ಎಲೆಯ ರಂಧ್ರಗಳನ್ನು ಮುಚ್ಚಿಸುತ್ತದೆ. ಇವನ್ನೆಲ್ಲ ಬಾಟಲಿಯಲ್ಲಿ ಕೊಳ್ಳುವುದು ಬೇಡ. ಗಾಳಿ, ನೀರು, ಬೆಳಕು ಹೇಗಿಟ್ಟರೆ ಇವು ಏರಿಳಿಯುತ್ತವೆ ಅನ್ನುವುದಷ್ಟೇ ಗೊತ್ತಿರಬೇಕು.

ಟ್ರೇ ತುಂಬುವುದು

ಬೇರು ಬೆಳೆಯಲು ಬೇಕಾದ ಮೊದಲ ವಸ್ತು ಗಾಳಿ. ಸುಮ್ನೆ ಹೇಳುತ್ತಿಲ್ಲ, ಬೇರು ಉಸಿರಾಡುತ್ತದೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ನೀರನ್ನೂ ಗಾಳಿಯನ್ನೂ ಒಟ್ಟಿಗೆ ಹಿಡಿದುಕೊಳ್ಳುವುದರಿಂದಲೇ ಟ್ರೇ ಸಸಿಗೆ ಅದು ಇಷ್ಟು ಒಗ್ಗಿದೆ. ಮದ್ದೂರು, ನಾಗಮಂಗಲದ ಕಡೆ ತೆಂಗು ಬೇಕಾದಷ್ಟಿದೆ. ಆದರೆ ಹಸಿ ನಾರಿನ ಪುಡಿಯನ್ನು ನೇರ ತುಂಬಬೇಡಿ. ಅದರಲ್ಲಿ ಉಪ್ಪಿನಂಶ, ಒಗರು ಎರಡೂ ಇರುತ್ತವೆ, ಎಳೆ ಬೇರಿನ ತುದಿ ಕಂದಾಗಿ ಸುಟ್ಟ ಹಾಗಾಗುತ್ತದೆ. ಗೋಣಿಚೀಲಕ್ಕೆ ತುಂಬಿ ಒಳ್ಳೆ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು ಬಸಿಯಿರಿ. ಕಾಫಿ ಬಣ್ಣದ ನೀರು ತಿಳಿಯಾಗುತ್ತಾ ಬರಬೇಕು. ಸವಳು ಬೋರ್‌ವೆಲ್ ನೀರಾದರೆ ತೊಳೆದೂ ಪ್ರಯೋಜನವಿಲ್ಲ, ನಾಲೆ ನೀರೋ ಮಳೆ ನೀರೋ ಹುಡುಕಿ.

ಹದ ನೋಡುವುದಕ್ಕೆ ಒಂದು ಹಿಡಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆ ಬಂದರೆ ಒದ್ದೆ ಜಾಸ್ತಿ, ಏನೂ ಬರದೆ ಉದುರಿದರೆ ಒಣಗಿದೆ. ನಾನು ಇದಕ್ಕೆ ಹತ್ತಕ್ಕೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸುತ್ತೇನೆ, ಸ್ವಲ್ಪ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದ ಪುಡಿಯನ್ನೂ ಕಲಸುತ್ತೇನೆ, ಬುಡ ಕೊಳೆಯುವ ರೋಗಕ್ಕೆ ಅದೊಂದು ಕಾವಲು. ಗುಳಿಗೆ ತುಂಬುವಾಗ ಹೆಬ್ಬೆರಳಿನಿಂದ ಒತ್ತಿ ಒತ್ತಿ ಗಟ್ಟಿ ಮಾಡಬೇಡಿ. ಟ್ರೇಯನ್ನು ಒಂದೆರಡು ಸಲ ನೆಲಕ್ಕೆ ತಟ್ಟಿದರೆ ಸಾಕು.

ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ. ಮೇಲೆ ತೆಳ್ಳಗೆ ಪುಡಿ ಮುಚ್ಚಿ, ಎಂಟು ಹತ್ತು ಟ್ರೇ ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ. ಒಳಗಿನ ಬಿಸಿ, ತೇವ ಎರಡೂ ಉಳಿಯುತ್ತವೆ. ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ಮುಂಜಾನೆ ಚಳಿಗೆ ಈ ಹೊದಿಕೆ ಇಲ್ಲದಿದ್ದರೆ ಮೆಣಸಿನಕಾಯಿ ಬೀಜ ಏಳುವುದೇ ಇಲ್ಲವೇನೋ ಅನ್ನಿಸಿಬಿಡುತ್ತದೆ. ಮೂರನೇ ದಿನದಿಂದ ದಿನಕ್ಕೆರಡು ಸಲ ಹಾಳೆ ಎತ್ತಿ ನೋಡಿ. ಮೊದಲ ಮೊಳಕೆ ಬಿಳಿಯಾಗಿ ಇಣುಕಿದ ಗಳಿಗೆಯಲ್ಲೇ ಟ್ರೇಗಳನ್ನು ಬಿಡಿಸಿ ಬೆಳಕಿಗೆ ಹರಡಬೇಕು, ಯಾಕೆಂದರೆ ಕತ್ತಲಲ್ಲಿ ಒಂದು ರಾತ್ರಿ ಜಾಸ್ತಿ ಬಿಟ್ಟರೂ ಮೊಳಕೆ ತನ್ನ ಕೂಡಿಟ್ಟ ಆಹಾರವನ್ನೆಲ್ಲ ಕಾಂಡ ಉದ್ದ ಮಾಡುವುದಕ್ಕೆ ಸುರಿದುಬಿಡುತ್ತದೆ, ಬೇರಿಗೆ ಉಳಿಯುವುದು ಕಡಿಮೆ, ಆಮೇಲೆ ಏನು ಮಾಡಿದರೂ ಆ ಸಸಿ ಬಾಗಿಕೊಂಡೇ ಇರುತ್ತದೆ.

ಬೇರು ಇಳಿಯುವ ದಿನಗಳು

ಟ್ರೇಯನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಇಟ್ಟಿಗೆ ಮೇಲೆ ಸರಳು ಹಾಸಿ, ಕೆಳಗೆ ಗಾಳಿ ಓಡಾಡುವ ಹಾಗೆ ಇಡಿ. ಗುಳಿಯ ತೂತಿನಿಂದ ಹೊರಬಂದ ಬೇರಿನ ತುದಿ ಗಾಳಿಗೆ ಒಣಗಿ ನಿಲ್ಲುತ್ತದೆ, ಆಗ ಹಿಂದಿನಿಂದ ಕವಲುಬೇರು ಒಡೆಯುತ್ತದೆ. ಲೋಟದಲ್ಲಿ ಬ್ಲೇಡಿನಿಂದ ಮಾಡಿದ ಕೆಲಸವನ್ನೇ ಇಲ್ಲಿ ಗಾಳಿ ಮಾಡಿಕೊಡುತ್ತದೆ, ಪ್ರತಿ ಗುಳಿಗೂ, ಪುಕ್ಕಟೆ. ನೆಲಕ್ಕೆ ತಾಗಿಸಿಟ್ಟರೆ ತಾಯಿಬೇರು ಮಣ್ಣಿಗೆ ಇಳಿದು, ಟ್ರೇ ಎತ್ತುವಾಗ ಹರಿದುಹೋಗುತ್ತದೆ.

ನೀರಿನ ವಿಷಯದಲ್ಲಿ ಹೆಚ್ಚಿನವರು ಸೋಲುತ್ತಾರೆ, ಅದೂ ಪ್ರೀತಿ ಜಾಸ್ತಿಯಾಗಿ. ಬೆಳಿಗ್ಗೆ ಒಂದು ಸಲ ಸಣ್ಣ ರಂಧ್ರದ ಝಾರಿಯಲ್ಲಿ ಪೂರ್ತಿ ನೆನೆಯುವಂತೆ ಹಾಕಿ. ಮತ್ತೆ ಹಾಕುವ ಮುಂಚೆ ಟ್ರೇ ಎತ್ತಿ ತೂಕ ನೋಡಿ. ನಾಲ್ಕು ದಿನ ಹೀಗೆ ಮಾಡಿದರೆ ಹಗುರ ಯಾವುದು, ಭಾರ ಯಾವುದು ಅಂತ ಕೈಗೇ ಗೊತ್ತಾಗುತ್ತದೆ. ಮೇಲ್ಮೈ ಸ್ವಲ್ಪ ಆರಬೇಕು. ಯಾವಾಗಲೂ ಒದ್ದೆ ಇದ್ದರೆ ಗುಳಿಯೊಳಗೆ ಗಾಳಿ ಇರುವುದಿಲ್ಲ, ಬೇರು ಬಿಟ್ಟ ಎಥಿಲೀನ್ ಹೊರಹೋಗಲು ದಾರಿ ಸಿಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೇರು ಉದ್ದವಾಗುವುದು ನಿಲ್ಲುತ್ತದೆ. ಮೇಲೆ ಎಲೆ ಹಳದಿಯಾದಾಗ ನಾವು ಗೊಬ್ಬರ ಸಾಲದು ಅಂದುಕೊಂಡು ಇನ್ನಷ್ಟು ಸುರಿಯುತ್ತೇವೆ, ಅಲ್ವಾ? ಮೊದಲು ಒಂದು ಸಸಿ ಎತ್ತಿ ಬೇರು ನೋಡಿ. ಬಿಳಿಯಾಗಿದ್ದು ನವಿರು ಕೂದಲಿನಂತಹ ಬೇರುರೋಮ ಕಂಡರೆ ಆರೋಗ್ಯ. ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಬಂದರೆ ನೀರು ಜಾಸ್ತಿಯಾಗಿದೆ.

ಗೊಬ್ಬರ, ಬೀಜದೆಲೆಯ ನಂತರದ ಮೊದಲ ನಿಜ ಎಲೆ ಬಂದ ಮೇಲೆ. ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಲೀಟರ್‌ಗೆ 1 ಗ್ರಾಂ, ವಾರಕ್ಕೊಮ್ಮೆ. ಇನ್ನೊಂದು ವಾರ ಕಳೆದ ಮೇಲೆ 2 ಗ್ರಾಂ. ಯೂರಿಯಾ ಬೇಡವೇ ಬೇಡ. ಸಾರಜನಕ ಜಾಸ್ತಿಯಾದರೆ ಬೇರಿನಲ್ಲಿ ಸೈಟೋಕೈನಿನ್ ಏರುತ್ತದೆ, ಸಸಿ ಎಲೆ ಮೇಲೆ ಎಲೆ ಹೊಡೆದು ಕಡುಹಸಿರಾಗಿ ನಿಲ್ಲುತ್ತದೆ, ನೋಡುವವರಿಗೆ ಖುಷಿ, ಕೆಳಗೆ ಬೇರು ಮಾತ್ರ ನಾಲ್ಕೇ ಎಳೆ. ಸಂತೆಯಲ್ಲಿ ಸಸಿ ಕೊಳ್ಳುವಾಗಲೂ ಎಲೆ ನೋಡಬೇಡಿ, ಒಂದನ್ನು ಗುಳಿಯಿಂದ ಎತ್ತಿ ಬೇರು ತೋರಿಸಿ ಅನ್ನಿ.

ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟ. ಸಸಿ ನಾಲ್ಕು ಬೆರಳು ಎತ್ತರ ಬಂದಾಗಿನಿಂದ ದಿನಾ ಒಂದು ಸಲ, ಎಲೆ ಮೇಲಿನ ನೀರು ಆರಿದ ಮೇಲೆ, ಅಂಗೈಯನ್ನು ಸಸಿಗಳ ತುದಿಯ ಮೇಲೆ ಹತ್ತಿಪ್ಪತ್ತು ಸಲ ಮೆಲ್ಲಗೆ ಆಡಿಸಿ, ಮಗುವಿನ ತಲೆ ಸವರಿದ ಹಾಗೆ. ಗಾಳಿ ಅಲುಗಿಸಿದಂತೆ ಅನ್ನಿಸಿ ಸಸಿ ಉದ್ದ ಹೋಗುವುದನ್ನು ಬಿಟ್ಟು ಕಾಂಡ ಗಟ್ಟಿ ಮಾಡಿಕೊಳ್ಳುತ್ತದೆ. ಗಿಡ್ಡ ಮಾಡುವ ರಾಸಾಯನಿಕ ಸಿಂಪಡಿಸುವ ಅಗತ್ಯವೇ ಬೀಳುವುದಿಲ್ಲ.

ಟೊಮೆಟೊ 25 ದಿನದ ಆಸುಪಾಸಿಗೆ, ಮೆಣಸಿನಕಾಯಿ 35ರಿಂದ 40 ದಿನಕ್ಕೆ ನಾಟಿಗೆ ಬರುತ್ತದೆ. ನಾಟಿಗೆ ನಾಲ್ಕೈದು ದಿನ ಮುಂಚೆ ನೆರಳು ಪರದೆ ತೆಗೆಯಿರಿ, ನೀರು ಕಡಿಮೆ ಮಾಡಿ. ಮಧ್ಯಾಹ್ನ ಎಲೆ ಚೂರು ಬಾಡಿದಂತೆ ಕಂಡು ಸಂಜೆ ಎದ್ದು ನಿಲ್ಲುವಷ್ಟು ಸಾಕು. ಸಸಿಯಲ್ಲಿ ಅಬ್ಸಿಸಿಕ್ ಆಮ್ಲ ಏರಿ, ಎಲೆ ನೀರು ಉಳಿಸುವುದನ್ನು ಕಲಿಯುತ್ತದೆ. ಗುಳಿಯಿಂದ ಎತ್ತಿದಾಗ ಬೇರು ಕೋಕೋಪೀಟನ್ನು ಉದುರದಂತೆ ಹಿಡಿದಿರಬೇಕು, ಆದರೆ ಸುರುಳಿ ಸುತ್ತಿರಬಾರದು. ಸುತ್ತಿದ್ದರೆ ತಡವಾಗಿದೆ, ನೆಡುವಾಗ ಬೆರಳಿನಿಂದ ತಳ ಸ್ವಲ್ಪ ಬಿಡಿಸಿ.

ಟೊಮೆಟೊವನ್ನು ಬೀಜದೆಲೆಯವರೆಗೂ ಆಳಕ್ಕೆ ನೆಡಬಹುದು, ಅದರ ಕಾಂಡವೇ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಬದನೆ, ಮೆಣಸಿನಕಾಯಿ ಟ್ರೇಯಲ್ಲಿದ್ದ ಮಟ್ಟಕ್ಕೇ ಇರಲಿ. ಕಸಿ ಮಾಡಿದ ಸಸಿಯಾದರೆ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು.

ಸ್ಪ್ರೇಯರ್ ಬಗ್ಗೆ ಒಂದು ಗಂಭೀರ ಮಾತು

ಕಬ್ಬು, ಭತ್ತದಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ಕೂಡ ಆಕ್ಸಿನ್ನಿನ ಹಾಗೇ ಕೆಲಸ ಮಾಡುವ ರಾಸಾಯನಿಕ. ಕಳೆ ಸಾಯುವುದು ಹಾರ್ಮೋನ್ ಮಿತಿಮೀರಿ. ಅದನ್ನು ಹೊಡೆದ ಸ್ಪ್ರೇಯರನ್ನೇ ಸುಮ್ನೆ ಒಂದು ಸಲ ತೊಳೆದು ಟೊಮೆಟೊ ಸಸಿಗೆ ಬಳಸಿದರೆ ಉಳಿದ ಲವಲೇಶವೇ ಸಾಕು, ಎಲೆ ತಿರುಚಿ ಬೇರು ನಿಂತುಹೋಗುತ್ತದೆ. ನಮ್ಮ ಕಡೆ ಸಸಿಮಡಿಯ ಪಕ್ಕದಲ್ಲೇ ಕಬ್ಬಿನ ಗದ್ದೆ ಇರುವುದು ಸಾಮಾನ್ಯ. ಸಸಿಗೆ ಒಂದು ಸ್ಪ್ರೇಯರ್ ಬೇರೆಯೇ ಇರಲಿ, ಅದರ ಮೇಲೆ ಬಣ್ಣ ಬಳಿದು ಗುರುತು ಮಾಡಿ. ಪಕ್ಕದವರು ಹೊಡೆಯುವ ದಿನ ಕೇಳಿಕೊಂಡು ಟ್ರೇಗಳನ್ನು ಗಾಳಿ ಬರುವ ದಿಕ್ಕಿನಿಂದ ತೆಗೆದಿಡಿ.

ಭತ್ತ ಮತ್ತು ಕಬ್ಬು

ಭತ್ತದಲ್ಲಿ ಬೀಜದಿಂದ ಬಂದ ಮೊದಲ ಬೇರು ಸ್ವಲ್ಪ ಕಾಲದ್ದು. ಗಿಡವನ್ನು ಸಾಕುವುದು ಬುಡದ ಗಿಣ್ಣುಗಳಿಂದ ಹೊರಡುವ ಬೇರುಗಳು. ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವ ಶ್ರೀ ಪದ್ಧತಿಯಲ್ಲಿ 8ರಿಂದ 12 ದಿನದ ಎಳೆ ಅಗೆಯನ್ನು 25 ಸೆಂಟಿಮೀಟರ್ ಚೌಕದಲ್ಲಿ ಒಂದೊಂದೇ ನೆಡುವುದರ ಹಿಂದಿನ ವಿಚಾರ ಇದೇ, ಆ ಬೇರುಗಳು ಹೊರಡುವ ಕಾಲಕ್ಕೆ ಅಗೆ ಗದ್ದೆಯಲ್ಲಿ ಕೂತಿರಬೇಕು. ಕಿತ್ತ ಅಗೆಯನ್ನು ಕಾಲಿಗೆ ಬಡಿದು ಮಣ್ಣು ಉದುರಿಸಬೇಡಿ, ನೀರಿನಲ್ಲಿ ಅಲ್ಲಾಡಿಸಿ. ಎರಡು ಮೂರು ಸೆಂಟಿಮೀಟರ್‌ಗಿಂತ ಆಳಕ್ಕೆ ಒತ್ತಬೇಡಿ. ನೆಡುವ ಮುಂಚೆ ಬೇರನ್ನು ಅಜೋಸ್ಪಿರಿಲಮ್ ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದುವುದು ಒಳ್ಳೆಯದು. ಆ ಬ್ಯಾಕ್ಟೀರಿಯಾ ಬೇರಿನ ಸುತ್ತ ತಾನೇ ಸ್ವಲ್ಪ ಸ್ವಲ್ಪ ಆಕ್ಸಿನ್ ತಯಾರಿಸುತ್ತದೆ, ಬಾಟಲಿಯ ಹಾರ್ಮೋನಿನಂತೆ ಒಂದೇ ಸಲ ಸುರಿಯುವುದಿಲ್ಲ.

ಕಬ್ಬಿನ ತುಂಡಿಗೆ ಬೇರು ಬರಿಸುವ ಹಾರ್ಮೋನ್ ಪುಡಿ ಹಚ್ಚುವುದು ದುಡ್ಡು ದಂಡ. ಪ್ರತಿ ಗಿಣ್ಣಿನ ಸುತ್ತ ಚುಕ್ಕಿ ಚುಕ್ಕಿ ಪಟ್ಟಿ ಕಾಣುತ್ತದೆ ನೋಡಿ, ಅವೆಲ್ಲ ಮೊದಲೇ ತಯಾರಾಗಿ ಕೂತ ಬೇರಿನ ಮೊಗ್ಗುಗಳು. ತೇವ ಸಿಕ್ಕರೆ ಕೆಲವೇ ದಿನದಲ್ಲಿ ಒಡೆಯುತ್ತವೆ. ಅವು ತಾತ್ಕಾಲಿಕ. ಆಮೇಲೆ ಚಿಗುರಿನ ಬುಡದಿಂದ ದಪ್ಪ ಬಿಳಿ ಬೇರು ಬರುತ್ತದೆ, ಅದೇ ಮುಂದಿನದ್ದು. ಇಡೀ ಜಲ್ಲೆ ಮಲಗಿಸಿದರೆ ತುದಿಯ ಕಣ್ಣಿನಿಂದ ಇಳಿಯುವ ಆಕ್ಸಿನ್ ಕೆಳಗಿನ ಕಣ್ಣುಗಳನ್ನು ಮಲಗಿಸಿಯೇ ಇಡುತ್ತದೆ. ತುಂಡು ಮಾಡಿದರೆ ಪ್ರತಿ ಕಣ್ಣಿಗೂ ಬಿಡುಗಡೆ. ಒಂಟಿ ಕಣ್ಣಿನ ಸಸಿ ಮಾಡುವವರು ಕಣ್ಣಿನ ಜೊತೆ ಆ ಚುಕ್ಕಿ ಪಟ್ಟಿಯೂ ಬರುವ ಹಾಗೆ ಕತ್ತರಿಸಿ, 25ರಿಂದ 35 ದಿನದೊಳಗೆ ನಾಟಿ ಮಾಡಿ.

ಕಡ್ಡಿಗೆ ಹಾರ್ಮೋನ್

ಕಡ್ಡಿಯ ಕಥೆ ಬೇರೆ. ಅದಕ್ಕೆ ಬೇರು ಅನ್ನುವುದೇ ಇಲ್ಲ, ಕಾಂಡದ ಕೋಶಗಳು ತಮ್ಮ ಕೆಲಸ ಬಿಟ್ಟು ಬೇರಾಗಬೇಕು. ಆ ತಿರುವಿಗೆ ಬುಡದಲ್ಲಿ ಸ್ವಲ್ಪ ಕಾಲ ಆಕ್ಸಿನ್ ದಟ್ಟವಾಗಿರಬೇಕು. ಮುಖ್ಯವಾಗಿ ಮೂರು ಹೆಸರು ಕೇಳುತ್ತೀರಿ. ಐಎಎ ಗಿಡದಲ್ಲೇ ಇರುವಂಥದ್ದು, ಬೆಳಕಿಗೆ ಬೇಗ ಕೆಡುತ್ತದೆ. ಎನ್‌ಎಎ ಕೆಲಸ ಮಾಡುತ್ತದೆ, ಹೆಚ್ಚಾದರೆ ಕಡ್ಡಿ ಸುಡುತ್ತದೆ. ಐಬಿಎ ತಡೆದುಕೊಂಡು ಬಾಳುತ್ತದೆ, ಮನೆಯಲ್ಲಿ ಮಾಡುವವರು ಇದನ್ನೇ ಕೊಳ್ಳಿ.

ಎಲ್ಲ ಕಡ್ಡಿಗೂ ಬೇಡ. ಹಿಪ್ಪುನೇರಳೆಯಲ್ಲಿ, ಅದರಲ್ಲೂ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಿಂದ ಬಂದ ವಿ-1 ತಳಿಯಲ್ಲಿ, ಆರೆಂಟು ತಿಂಗಳ ರೆಂಬೆಯಿಂದ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿನ ತುಂಡು ತೆಗೆದರೆ ಹಾರ್ಮೋನ್ ಇಲ್ಲದೆಯೇ ಬೇರು ಬರುತ್ತದೆ. ವೀಳ್ಯದೆಲೆ ಬಳ್ಳಿ ಗಿಣ್ಣಿನಲ್ಲೇ ಬೇರು ಹೊತ್ತುಕೊಂಡಿರುತ್ತದೆ. ನುಗ್ಗೆಗೂ ಬೇಡ. ಮಲ್ಲಿಗೆ, ದಾಸವಾಳ, ದಾಳಿಂಬೆಗೆ ಪುಡಿ ಹಚ್ಚಿದರೆ ಬೇಗ ಬರುತ್ತದೆ, ಒಂದೇ ಸಮನಾಗಿ ಬರುತ್ತದೆ. ಮಾವಿನ ಕಡ್ಡಿಗೆ ಎಷ್ಟು ಹಚ್ಚಿದರೂ ಬೇರು ಕಾಣುವುದು ಕಷ್ಟ, ಅದಕ್ಕೆ ಕಸಿಯೇ ಸರಿ.

ಮಲ್ಲಿಗೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜೂನ್‌ನಿಂದ ಆಗಸ್ಟ್‌ವರೆಗಿನ ತೇವದ ದಿನಗಳು ಒಳ್ಳೆಯದು. ಬೆಳಿಗ್ಗೆ ಬಿಸಿಲೇರುವ ಮುಂಚೆ, ತೀರಾ ಎಳೆಯದೂ ಅಲ್ಲದ ಬಲಿತು ಮರವಾದದ್ದೂ ಅಲ್ಲದ ರೆಂಬೆಯಿಂದ 12ರಿಂದ 15 ಸೆಂಟಿಮೀಟರ್ ಕಡ್ಡಿ ತೆಗೆಯಿರಿ. ಬುಡವನ್ನು ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿ. ಇದು ಶೋಕಿಗಲ್ಲ, ರಾಶಿ ಹಾಕಿದಾಗ ತಲೆ ಯಾವುದು ಬುಡ ಯಾವುದು ಅಂತ ತಪ್ಪಬಾರದು ಅಂತ. ಕೆಳಗಿನ ಎಲೆ ತೆಗೆದು, ಮೇಲೆ ಎರಡು ಎಲೆ ಉಳಿಸಿ. ಎಲೆ ಪೂರ್ತಿ ತೆಗೆದರೆ ಆಕ್ಸಿನ್ನೂ ಇಲ್ಲ, ಸಕ್ಕರೆಯೂ ಇಲ್ಲ. ಎಲ್ಲ ಬಿಟ್ಟರೆ ಬಾಡುತ್ತದೆ. ಮೊಗ್ಗಿದ್ದರೆ ಮನಸ್ಸು ಗಟ್ಟಿ ಮಾಡಿ ಚಿವುಟಿ.

ಇನ್ನು ಪ್ರಮಾಣ. ಲೆಕ್ಕ ಸುಲಭ. ಒಂದು ಲೀಟರ್‌ನಲ್ಲಿ 1 ಗ್ರಾಂ ಅಂದರೆ 1,000 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಎಷ್ಟು ಪಾಲು ಅನ್ನುವ ಅಳತೆ). ಪುಡಿಯ ಡಬ್ಬಿಯ ಮೇಲೆ ಶೇಕಡಾ 0.1 ಅಂತಿದ್ದರೆ 1,000 ಪಿಪಿಎಂ, 0.3 ಅಂದರೆ 3,000, 0.8 ಅಂದರೆ 8,000. ಮಲ್ಲಿಗೆಯಂತಹ ಅರೆಬಲಿತ ಕಡ್ಡಿಗೆ 1,000ದಿಂದ 2,000 ಸಾಕು, ದಾಳಿಂಬೆಯಂತಹ ಗಟ್ಟಿ ಕಡ್ಡಿಗೆ 2,000ದಿಂದ 3,000. ಶುದ್ಧ ಐಬಿಎ ತಂದು ದ್ರಾವಣ ಮಾಡುವುದಾದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. 100 ಮಿಲಿಗ್ರಾಂ ಅನ್ನು ಮೊದಲು 50 ಮಿಲಿಲೀಟರ್ ಸ್ಪಿರಿಟ್‌ನಲ್ಲಿ (ಆಲ್ಕೋಹಾಲ್) ಕರಗಿಸಿ, ಆಮೇಲೆ ನೀರು ಸೇರಿಸಿ 100 ಮಿಲಿಲೀಟರ್ ಮಾಡಿ. ಅದು 1,000 ಪಿಪಿಎಂ. ಕಡ್ಡಿಯ ಬುಡದ ಎರಡು ಸೆಂಟಿಮೀಟರ್ ಭಾಗವನ್ನು ಐದು ಸೆಕೆಂಡ್ ಅದ್ದಿ ತೆಗೆಯಿರಿ. ಐದೇ ಸೆಕೆಂಡ್. ಕೈಗೆ ಗ್ಲೌಸ್ ಇರಲಿ, ಪುಡಿಯಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಪುಡಿ ಹಚ್ಚುವವರು ಡಬ್ಬಿಯೊಳಗೆ ಕಡ್ಡಿ ತೂರಬೇಡಿ, ಒದ್ದೆ ಹೋಗಿ ಪೂರಾ ಕೆಡುತ್ತದೆ. ಬೇಕಾದಷ್ಟನ್ನು ಕಾಗದದ ಮೇಲೆ ಸುರಿದು, ಬುಡ ಒತ್ತಿ, ಹೆಚ್ಚಿನದ್ದನ್ನು ತಟ್ಟಿ ಉದುರಿಸಿ. ಮರಳು ಮತ್ತು ಕೋಕೋಪೀಟ್ ಅರ್ಧರ್ಧ ಬೆರೆಸಿದ ಮಡಿಯಲ್ಲಿ ಮೊದಲು ಬೇರೆ ಕೋಲಿನಿಂದ ತೂತು ಮಾಡಿ, ಆಮೇಲೆ ಕಡ್ಡಿ ಇಳಿಸಿ, ಇಲ್ಲದಿದ್ದರೆ ಪುಡಿಯೆಲ್ಲ ಮೇಲೇ ಉಜ್ಜಿಹೋಗುತ್ತದೆ. ಮೇಲೆ ಪ್ಲಾಸ್ಟಿಕ್ ಗುಡಾರ, ನೆರಳು. ಮೂರು ವಾರ ಎಳೆದು ನೋಡಬೇಡಿ. ಆಮೇಲೆ ಮೆಲ್ಲಗೆ ಅಲುಗಿಸಿದಾಗ ಕೈಗೆ ತಡೆ ಸಿಕ್ಕರೆ ಬೇರು ಬಂದಿದೆ. ಗುಡಾರವನ್ನು ವಾರವಿಡೀ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋಗಿ.

ಎಳನೀರು, ನುಗ್ಗೆಸೊಪ್ಪಿನ ರಸ, ಜೇನು

ಎಳನೀರಿನಲ್ಲಿ ಸೈಟೋಕೈನಿನ್ ಚೆನ್ನಾಗಿದೆ. 1941ರಿಂದಲೇ ಪ್ರಯೋಗಾಲಯದಲ್ಲಿ ಎಳೆ ಭ್ರೂಣಗಳನ್ನು ಬೆಳೆಸಲು ತೆಂಗಿನ ನೀರು ಬಳಸಿದ್ದಾರೆ. ಆದರೆ ಅದು ಚಿಗುರಿನ ಪಕ್ಷದ ಹಾರ್ಮೋನ್, ಬೇರು ಬರಿಸಲು ಅದನ್ನು ನೆಚ್ಚಬೇಡಿ. ಎಳನೀರು ಕುಡಿಯಿರಿ, ಕಡ್ಡಿಗೆ ಬೇಡ. ನುಗ್ಗೆಸೊಪ್ಪಿನ ರಸವೂ ಇದೇ ಜಾತಿ, ಬೆಳೆದ ಗಿಡದ ಎಲೆಗೆ ಸಿಂಪಡಿಸಿದರೆ ಅರ್ಥವಿದೆ. ಜೇನು, ದಾಲ್ಚಿನ್ನಿ ಪುಡಿ ಬೂಷ್ಟು ತಡೆಯಲು ಸ್ವಲ್ಪ ನೆರವಾಗಬಹುದು, ಬೇರಿನ ಹಾರ್ಮೋನ್ ಅಲ್ಲ.

ನಿಮ್ಮ ಪುಡಿ ಇನ್ನೂ ಬದುಕಿದೆಯೇ

ಅಂಗಡಿಯ ಕಪಾಟಿನಲ್ಲಿ ಬಿಸಿಲಿಗೆ ಕೂತ ಡಬ್ಬಿಯೋ, ಮನೆಯಲ್ಲಿ ಎರಡು ವರ್ಷದ ಹಿಂದೆ ಒಡೆದದ್ದೋ ಇದ್ದರೆ ನೂರು ಕಡ್ಡಿ ಹಾಳುಮಾಡುವ ಮುಂಚೆ ಪರೀಕ್ಷಿಸಿ. ಮತ್ತೆ ಹೆಸರುಕಾಳೇ ಬೇಕು. ವಿಜ್ಞಾನಿಗಳೂ ಬೇರಿನ ಹಾರ್ಮೋನ್ ಪರೀಕ್ಷೆಗೆ ಬಳಸುವುದು ಹೆಸರು ಸಸಿಯನ್ನೇ.

ಮರಳಿನಲ್ಲಿ ಹೆಸರುಕಾಳು ಬಿತ್ತಿ, ಎಂಟು ಹತ್ತು ದಿನಕ್ಕೆ ಮೊದಲ ಜೋಡಿ ಎಲೆ ಅರಳಿದಾಗ, ಬೀಜದೆಲೆ ಇದ್ದ ಜಾಗದಿಂದ ಮೂರು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಬೇರು ಬಿಸಾಡಿ. ಹತ್ತು ಸಸಿ ಒಂದು ಲೋಟಕ್ಕೆ, ಹತ್ತು ಇನ್ನೊಂದಕ್ಕೆ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಶೇಕಡಾ 0.1ರ ಪುಡಿಯಾದರೆ 1 ಗ್ರಾಂ ಅನ್ನು 200 ಮಿಲಿಲೀಟರ್ ನೀರಿನಲ್ಲಿ ಚೆನ್ನಾಗಿ ಕಲಕಿ, ಕೆಳಗೆ ಕೂತ ಬಿಳಿ ಪುಡಿ ಬಿಟ್ಟು ಮೇಲಿನ ತಿಳಿ. ಅದು 5 ಪಿಪಿಎಂ ಆಗುತ್ತದೆ. 0.3ರ ಪುಡಿಯಾದರೆ 600 ಮಿಲಿಲೀಟರ್ ನೀರು. ಒಂದು ದಿನ ಇಟ್ಟು, ಆಮೇಲೆ ಎರಡಕ್ಕೂ ಬರೀ ನೀರು ಬದಲಿಸಿ. ಐದಾರು ದಿನಕ್ಕೆ ಕಾಂಡದ ಬುಡದಲ್ಲಿ ಬಿಳಿ ಬೇರಿನ ಸಾಲು ಏಳುತ್ತದೆ. ಎರಡರಲ್ಲೂ ಏಳುತ್ತದೆ, ಸಸಿಗೆ ತನ್ನದೇ ಆಕ್ಸಿನ್ ಇದೆಯಲ್ಲ. ಪ್ರತಿ ಸಸಿಯ ಬೇರು ಎಣಿಸಿ ಬರೆದುಕೊಳ್ಳಿ. ಪುಡಿಯ ಲೋಟದಲ್ಲಿ ಎದ್ದು ಕಾಣುವಷ್ಟು ಜಾಸ್ತಿ ಬಂದಿದ್ದರೆ ಪುಡಿ ಬಳಸಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಆ ಡಬ್ಬಿಯನ್ನು ನಂಬಬೇಡಿ.

ಹೊಸ ಡಬ್ಬಿ ಒಡೆದ ದಿನವನ್ನು ಮುಚ್ಚಳದ ಮೇಲೆ ಬರೆಯಿರಿ. ಕತ್ತಲಲ್ಲಿ, ತಂಪಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ, ಊಟದ ಸಾಮಾನಿನಿಂದ ದೂರ ಇಡಿ. ಕಲಸಿದ ದ್ರಾವಣ ಉಳಿದರೆ ಟೊಮೆಟೊ ಟ್ರೇಗೆ ಸುರಿಯಬೇಡಿ, ನಾನು ಸುರಿದಿದ್ದೆ.